ಹಾಳೆಯ ಹಿಂಬದಿ

ಕನ್ನಡಕದ ಅಂಗಡಿಯ ಹಿಂದಿನ ಕೋಣೆ
ಮಂಗಳವಾರ, ತಾರೀಖು ಹನ್ನೊಂದು

ಪ್ರೀತಿಯ ತಮ್ಮ ಗುಂಡಾ,

(ನಿನ್ನ ಹೆಸರಿನ ಮೊದಲ ಅಕ್ಷರವನ್ನು ಎಳೆದು ಓದಬೇಡ. ವಿಷಯ ಇನ್ನೂ ಅಲ್ಲಿಗೆ ಬಂದಿಲ್ಲ.) ಆರೋಗ್ಯವೇ? ಮೊಣಕಾಲು ನೋವು ಹೇಗಿದೆ? ಶುಗರ್ ಇಳಿಯಿತಾ? ನಿದ್ದೆ ಚೆನ್ನಾಗಿ ಬರುತ್ತಿದೆಯಾ ಅಂತ ಮುಖ್ಯವಾಗಿ ಕೇಳಬೇಕು, ಯಾಕೆ ಅನ್ನುವುದು ಕಾಗದ ಮುಗಿಯುವ ಹೊತ್ತಿಗೆ ನಿನಗೇ ತಿಳಿಯುತ್ತದೆ. ನಾನು ಗಟ್ಟಿಯಾಗಿದ್ದೇನೆ. ಎಡಗಣ್ಣಲ್ಲಿ ಮಾತ್ರ ಪೊರೆ ಬೆಳೆದಿದೆ. ಐವತ್ತು ವರ್ಷ ಊರಿಗೆಲ್ಲ ಕನ್ನಡಕ ಹಾಕಿದವನು ಈಗ ತನ್ನ ಮೂಗಿನ ಮೇಲಿರುವ ಕನ್ನಡಕವನ್ನೇ ಮನೆಯೆಲ್ಲ ಹುಡುಕುತ್ತೇನೆ. ಆದರೂ ಕಾಣಬೇಕಾದದ್ದು ಕಂಡಿತು, ಬಿಡು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ವಯಸ್ಸಾದವರ ಹಕ್ಕು ಅದು. ಹೋದ ವರ್ಷ ನನ್ನ ಮೊಮ್ಮಗಳು ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕಿದಳಲ್ಲ, ಆ ಕಾಲೇಜಿಗೆ ಬರೀ ಪರೀಕ್ಷೆಯ ಅಂಕ ಸಾಲದು. ‘ನಾನೇಕೆ ಡಾಕ್ಟರಾಗಬೇಕು’ ಅಂತ ಪ್ರಬಂಧ ಬರೆಯಬೇಕು, ತಿಳಿದ ಹಿರಿಯರೊಬ್ಬರು ಶಿಫಾರಸು ಪತ್ರ ಬರೆದು ಲಕೋಟೆ ಅಂಟಿಸಿ ನೇರವಾಗಿ ಕಾಲೇಜಿಗೇ ಕಳಿಸಬೇಕು, ಆಮೇಲೆ ಸಂದರ್ಶನ. ನಮ್ಮ ಮನೆಯಲ್ಲೇ ದೊಡ್ಡ ಹೃದಯದ ಡಾಕ್ಟರು ಇರುವಾಗ ಬೇರೆಯವರ ಬಾಗಿಲು ಯಾಕೆ ತಟ್ಟಬೇಕು ಅಂತ ನಿನ್ನನ್ನೇ ಕೇಳಿದೆವು. ಅವಳ ಅಂಕ ಚೆನ್ನಾಗಿತ್ತು. ಸಂದರ್ಶನಕ್ಕೇ ಕರೆ ಬರಲಿಲ್ಲ. ಅದೇ ಕಾಲೇಜಿಗೆ ಅರ್ಜಿ ಹಾಕಿದ್ದ ನಿನ್ನ ಮೊಮ್ಮಗನಿಗೆ ಬಂತು, ಸೀಟೂ ಸಿಕ್ಕಿತು. ಹುಡುಗ ಒಳ್ಳೆಯವನು, ಅವನ ಮೇಲೆ ನನಗೆ ಒಂದು ಕೂದಲಿನಷ್ಟೂ ಸಿಟ್ಟಿಲ್ಲ. ನನ್ನ ತಲೆಯಲ್ಲಿ ಉಳಿದಿರುವ ಕೂದಲಿಗೆ ಅದು ದೊಡ್ಡ ಅಳತೆಯೇ.

ಆಗ ನೀನು ಸಮಾಧಾನದ ಕಾಗದ ಬರೆದೆ. “ಅಣ್ಣಾ, ನಾನು ಬಾಯಿ ತುಂಬ ಹೊಗಳಿ ಬರೆದಿದ್ದೆ, ಅವಳ ಅದೃಷ್ಟ ನೆಟ್ಟಗಿರಲಿಲ್ಲ” ಅಂತ. ಓದಿ, ಮಡಚಿ, ಮೇಜಿನ ಖಾನೆಯಲ್ಲಿಟ್ಟೆ. ಕಳೆದ ವಾರ ಗಿರಾಕಿಯೊಬ್ಬರ ಕಣ್ಣಿನ ನಂಬರು ಬರೆದುಕೊಳ್ಳಲು ಚೀಟಿ ಬೇಕಾಯಿತು. ಅಪ್ಪ ನಮ್ಮಿಬ್ಬರಿಗೂ ಅಂಟಿಸಿ ಹೋದ ಅಭ್ಯಾಸ ನೆನಪಿದೆಯಲ್ಲ, ಒಂದೇ ಬದಿ ಬರೆದ ಹಾಳೆ ಎಸೆದರೆ ಕಿವಿ ಹಿಂಡುತ್ತಿದ್ದರು. ಮದುವೆ ಕರೆಯೋಲೆಗಳ ಬೆನ್ನ ಮೇಲೆ ಮಗ್ಗಿ ಬರೆದು ದೊಡ್ಡವರಾದವರು ನಾವು. ನಿನ್ನ ಕಾಗದದ ಬೆನ್ನು ಖಾಲಿ ಇರಬಹುದು ಅಂತ ತಿರುಗಿಸಿದೆ. ಇರಲಿಲ್ಲ. ನೀನೂ ಅಪ್ಪನ ಮಗನೇ ಅಲ್ಲವೇ! ಕೈಗೆ ಸಿಕ್ಕ ಹಳೇ ಹಾಳೆಯ ಬೆನ್ನ ಮೇಲೆ ನನಗೆ ಸಮಾಧಾನ ಹೇಳಿದ್ದೆ. ಆ ಹಾಳೆ ನಿನ್ನ ಶಿಫಾರಸು ಪತ್ರದ ಕರಡು.

ಟೈಪು ಮಾಡಿದ್ದು ಓದಿದಾಗ ಕಣ್ಣು ತುಂಬಿತು. ‘ತಣ್ಣನೆಯ ತಲೆ, ಹೆದರದ ಕೈ. ನಾನು ನೋಡಿದ ಮಕ್ಕಳಲ್ಲೇ ವೈದ್ಯಳಾಗಲು ಹುಟ್ಟಿದವಳು.’ ಅದರ ಮೇಲೆ ನಿನ್ನ ಹಸಿರು ಶಾಯಿಯ ಗೀಟು. ಗೀಟಿನ ಮೇಲೆ ನಿನ್ನದೇ ಕೈಬರಹ: ‘ವಿಧೇಯ ಹುಡುಗಿ. ಅಕ್ಷರ ದುಂಡಗಿದೆ. ಒತ್ತಡ ತಾಳುವಳೋ ಹೇಳಲಾರೆ.’ ಹೊಗಳಿದ್ದೇನೆ ಅಂದೆಯಲ್ಲೋ, ಹೊಗೆ ಹಾಕಿದ್ದೀಯ. ಅವಳು ಯೋಗ್ಯಳಲ್ಲ ಅಂತ ನಿಜವಾಗಿ ಅನ್ನಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಿನಗೆ ಗೊತ್ತಿತ್ತು. ಮೊದಲು ನಿಜ ಬರೆಸಿ, ಆಮೇಲೆ ಮೊಮ್ಮಗನ ನೆನಪಾಗಿ ಗೀಟು ಎಳೆದೆ. ಗಾಜು ಉಜ್ಜುವಾಗ ನನ್ನ ಮಣಿಕಟ್ಟು ಕುಯ್ದುಕೊಂಡು ರಕ್ತ ಚಿಮ್ಮಿದಾಗ ಅವಳಿಗೆ ಹದಿನಾರು. ತನ್ನ ದುಪಟ್ಟಾ ಹರಿದು ಬಿಗಿದು, ದಾರಿಯುದ್ದಕ್ಕೂ ಕೈ ಮೇಲೆತ್ತಿ ಹಿಡಿದುಕೊಂಡೇ ನಿನ್ನ ಆಸ್ಪತ್ರೆಗೆ ತಂದಳು. ಹೊಲಿಗೆ ಹಾಕುತ್ತಾ “ಯಾರಣ್ಣಾ ಈ ಕಟ್ಟು ಕಟ್ಟಿದ್ದು? ಇಲ್ಲದಿದ್ರೆ ನೀನು ಇಷ್ಟೊತ್ತಿಗೆ ಗೋಡೆ ಮೇಲೆ ಫೋಟೋ ಆಗಿರ್ತಿದ್ದೆ” ಅಂದವನು ನೀನೇ. ಊರವರ ಹೃದಯ ನೋಡುತ್ತಾ ನೋಡುತ್ತಾ ನಿನ್ನದನ್ನು ಎಲ್ಲಿಟ್ಟು ಮರೆತೆ, ಗುಂಡಾ?

ಈ ವರ್ಷದ ಅರ್ಜಿಗೆ ಇಪ್ಪತ್ತನೇ ತಾರೀಖು ಕೊನೆ. ಪತ್ರದ ಚಿಂತೆ ಇಲ್ಲ, ಅವಳು ವರ್ಷವಿಡೀ ದುಡಿದ ವಾರ್ಡಿನ ಹಿರಿಯ ನರ್ಸಮ್ಮ ಬರೆದುಕೊಟ್ಟಿದ್ದಾರೆ. ಅರ್ಜಿ ಮಾತ್ರ ‘ನಾನೇಕೆ ಡಾಕ್ಟರಾಗಬೇಕು’ ಅನ್ನುವಲ್ಲಿಗೆ ನಿಂತಿದೆ. “ಅಜ್ಜಾ, ಚಿಕ್ಕಜ್ಜ ಅಷ್ಟು ಹೊಗಳಿ ಬರೆದ್ರೂ ಬೇಡ ಅಂದ್ರು ಅಂದ್ರೆ, ನನ್ನಲ್ಲೇ ಏನೋ ಇಲ್ಲ” ಅನ್ನುತ್ತಾಳೆ. ನಿನ್ನ ಕರಡು ತೋರಿಸಿದೆ. ಗೀಟು ತೋರಿಸಿದೆ. ನಕ್ಕುಬಿಟ್ಟಳು. “ಈ ಸಲ ಚಿಕ್ಕಜ್ಜನ ಅಕ್ಷರ ಭಾರಿ ಚೆನ್ನಾಗಿ ಬಂದಿದೆ ಅಜ್ಜಾ” ಅಂದಳು. ಅವಳಿಗೆ ಹತ್ತು ವರ್ಷವಿದ್ದಾಗ ‘ಗಣಿತದಲ್ಲಿ ನೂರಕ್ಕೆ ನೂರಹತ್ತು’ ಅಂತ ಹೆಡ್ಮಾಸ್ತರ ಹೆಸರಲ್ಲಿ ಕಾಗದ ಸೃಷ್ಟಿಸಿದವನು ನಾನು. ಜೀವನವಿಡೀ ಚೇಷ್ಟೆ ಮಾಡಿದೆ, ಒಂದು ದಿನ ನಿಜ ಹೇಳಲು ಹೋದರೆ ನನ್ನ ಮುಖಕ್ಕೆ ನಂಬಿಕೆಯ ಸಾಲ ಹುಟ್ಟಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ. ಸಿಟ್ಟು ಮಾತ್ರ ಚೆನ್ನಾಗಿ ಸೇರಿತು.

ಇರಲಿ. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಹುಡುಗನಿಗೆ ಚೆನ್ನಾಗಿ ಓದಲು ಹೇಳು, ಅವನಿಗೆ ನನ್ನ ಆಶೀರ್ವಾದ. ನಿನಗೂ ನೂರು ವರ್ಷ ಆಯಸ್ಸಿರಲಿ. ಭಾನುವಾರದ ನಂತರವೂ ಇರಲಿ.

ನಿನ್ನ ಅಣ್ಣ

ಮರೆತಿದ್ದೆ: ಭಾನುವಾರ ನಿನಗೆ ಸನ್ಮಾನವಂತೆ. ‘ನನ್ನ ತಮ್ಮ’ ಅಂತ ಐದು ನಿಮಿಷ ಮಾತಾಡಿ ಅಂತ ಆಸ್ಪತ್ರೆಯವರು ಕರೆದಿದ್ದಾರೆ, ಒಪ್ಪಿದ್ದೇನೆ. ಭಾಷಣ ಬರೆದುಕೊಳ್ಳಲು ಹೊಸ ಹಾಳೆ ದಂಡ ಮಾಡಲಿಲ್ಲ, ಅಪ್ಪ ಮೇಲಿಂದ ನೋಡುತ್ತಿರುತ್ತಾರೆ. ನಿನ್ನ ಕರಡನ್ನೇ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲೇ ಗೋಡೆ ನಕ್ಷೆಯಷ್ಟು ದೊಡ್ಡದು ಮಾಡಿಸಿ, ಅದರ ಬೆನ್ನ ಮೇಲೆ ಬರೆದಿದ್ದೇನೆ. ಕಣ್ಣು ಮಂಜು ನೋಡು, ಹಾಳೆಯನ್ನು ಎತ್ತಿ ಹಿಡಿದೇ ಓದಬೇಕು. ಎಷ್ಟು ದೂರಕ್ಕೆ ಎಷ್ಟು ದಪ್ಪ ಅಕ್ಷರ ಬೇಕು ಅನ್ನುವುದು ನನ್ನ ಕಸುಬು, ಕೊನೆಯ ಸಾಲಿನ ಕುರ್ಚಿಗೂ ಹಸಿರು ಗೀಟು ಕಾಣುತ್ತದೆ. ಸಭೆಯವರು ನನ್ನನ್ನು ನಂಬದಿರಬಹುದು, ಹಾಳೆಯನ್ನೂ ನಂಬದಿರಬಹುದು. ನಿನ್ನ ಮುಖ ನೋಡಿದರೆ ನಂಬುತ್ತಾರೆ. ಮೊಮ್ಮಗಳನ್ನು ಮೊದಲ ಸಾಲಿನಲ್ಲೇ ಕೂರಿಸುತ್ತೇನೆ, ಅವಳು ನೋಡಬೇಕಾದದ್ದೂ ಅದನ್ನೇ. ಶನಿವಾರ ಸಂಜೆಯವರೆಗೆ ಅಂಗಡಿ ತೆರೆದಿರುತ್ತದೆ. ನೀನೇ ಬಂದು, ಅವಳೆದುರು ಕೂತು, ಏನು ಬರೆಸಿದೆ, ಏನು ಹೊಡೆದುಹಾಕಿದೆ ಅಂತ ನಿನ್ನ ಬಾಯಿಂದಲೇ ಹೇಳಿದರೆ, ಭಾನುವಾರ ನಾನು ಹಾಳೆಯಿಲ್ಲದೆ ಮಾತಾಡುತ್ತೇನೆ. ಈ ಕಾಗದವನ್ನೂ ಹೊಸ ಹಾಳೆಯ ಮೇಲೆ ಬರೆದಿಲ್ಲ. ತಿರುಗಿಸಿ ನೋಡು, ಗೀಟು ಸ್ಪಷ್ಟವಾಗಿ ಬಂದಿದೆಯಾ ಹೇಳು.