ಮುಖವಿಲ್ಲದ ಪೋಸ್ಟರ್

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

‘ನನ್ನ ಮುಖ ನಾನು ಹೋಗದ ಊರು’ ಎಂದು ಒಂದು ಸಾಲು. ‘ಕಾಣದ ಊರು’ ಎಂದಿತ್ತೋ ಏನೋ, ಯಾರದ್ದೋ, ಮರೆತಿದೆ. ಆದರೆ ನಿಜವೇ ಅದು? ಹೋಗದ ಊರಿನ ಸುದ್ದಿಯನ್ನು ಬೇರೆಯವರಿಂದಲೇ ಕೇಳಬೇಕು. ಅವರೆಲ್ಲ ‘ಚೆನ್ನಾಗಿದೆ’ ಎಂದರೂ ನಂಬಿಕೆ ಬಾರದಿದ್ದರೆ?

ಉತ್ತರ ತಡವಾಯಿತು, ಬೇಸರಿಸಬೇಡ. ನೀನು ಹೋದ ಭಾನುವಾರ ಬರುತ್ತೇನೆಂದಿದ್ದೆ, ಬರಲಿಲ್ಲ. ‘ಕೆಲಸ ಬಂತಮ್ಮ’ ಎಂಬ ನಿನ್ನ ಕಾಗದ ಮೇಜಿನ ಮೇಲಿದೆ. ಮುಂದಿನ ವಾರವಾದರೂ ಮನೆಗೆ ಬರುತ್ತೀಯಾ ಎಂದು ಕೇಳಲೆಂದೇ ಬರೆಯಲು ಕೂತೆ. ಅದಕ್ಕೆ ಮೊದಲು ಆಫೀಸಿನ ಕಥೆ ಕೇಳು.

ನಮ್ಮ ಆರೋಗ್ಯ ಪ್ರಚಾರ ವಿಭಾಗಕ್ಕೆ ಹೊಸ ಕೆಲಸ ಬಂದಿದೆ. ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಎಂಬ ಕಾಯಿಲೆಯ ಬಗ್ಗೆ ಜನರಿಗೆ ತಿಳಿಸಬೇಕು. ಇತರರ ಕಣ್ಣಿಗೆ ಬೀಳದ ಕುಂದೊಂದು ತನ್ನ ಮೈಮೇಲಿದೆ ಎಂಬ ಯೋಚನೆ ದಿನವಿಡೀ ಹಿಂಡುವ ಕಾಯಿಲೆ. ಒಣ ಜಂಬ ಎಂದುಕೊಂಡಿದ್ದೆ. ಅದು ಜಂಬಕ್ಕೆ ತೀರಾ ತದ್ವಿರುದ್ಧ.

ನಾವು ಮಾಡಿದ ಮೊದಲ ಪೋಸ್ಟರಿನಲ್ಲಿ ನಗುವ ಹುಡುಗಿ, ಕೆಳಗೆ ‘ನೀವು ಇರುವ ಹಾಗೇ ಚಂದ’. ಬರೆದವಳು ನಾನೇ, ಬೀಗಿದವಳೂ ನಾನೇ. ನಮಗೆ ಸಲಹೆ ಕೊಡುವ ಡಾಕ್ಟರು ಈ ಕಾಯಿಲೆಯಿಂದ ನರಳಿದ ಕೆಲವರನ್ನು ಪೋಸ್ಟರ್ ನೋಡಲು ಕರೆತಂದರು. ಒಬ್ಬರೂ ಅಕ್ಷರ ಓದಲಿಲ್ಲ. ಎಲ್ಲರೂ ಆ ಹುಡುಗಿಯ ಮೂಗು ನೋಡುತ್ತಾ ತಮ್ಮ ಮೂಗು ಸವರಿಕೊಂಡರು.

ಅವರಲ್ಲೊಬ್ಬರು ಗಣಿತದ ಮೇಷ್ಟ್ರು. ತರಗತಿಗೆ ಮುಖ ತೋರಿಸಬಾರದೆಂದು ಇಡೀ ಪಾಠವನ್ನು ಬೋರ್ಡಿಗೆ ಹೇಳುತ್ತಿದ್ದರಂತೆ. ‘ಚಂದ ಅಂತ ಯಾರು ಹೇಳಿದ್ರೂ ಮೇಡಂ, ಓ ನೋಡಿಬಿಟ್ರು ಅಂತಲೇ ನನಗೆ ಕೇಳೋದು. ಮುಖಾನೇ ಹಾಕ್ಬೇಡಿ’ ಎಂದರು.

ನಮ್ಮ ಚಿತ್ರಗಾರನಿಗೆ ರೇಗಿತು. ‘ಮುಖಾನೇ ಬೇಡ ಅಂದ್ರೆ ಏನ್ ಸಾರ್ ಬರೀಲಿ, ಕುಂಬಳಕಾಯಾ?’

‘ಬರೀರಿ. ಅದಕ್ಕೆ ಮೂಗಿನ ಚಿಂತೆ ಇಲ್ಲ’ ಎಂದರು ಮೇಷ್ಟ್ರು.

ಎಲ್ಲರೂ ನಕ್ಕರು, ಚಿತ್ರಗಾರನೂ.

ಈಗಿನ ಪೋಸ್ಟರಿನಲ್ಲಿ ಯಾರ ಮುಖವೂ ಇಲ್ಲ, ಹೊಗಳಿಕೆಯೂ ಇಲ್ಲ. ಒಂದು ಖಾಲಿ ಕುರ್ಚಿ, ಎರಡು ಪ್ರಶ್ನೆ: ‘ಹೇಗೆ ಕಾಣುತ್ತೇನೋ ಎಂದು ಎಲ್ಲೆಲ್ಲಿಗೆ ಹೋಗದೆ ಉಳಿದಿರಿ? ಇದಕ್ಕೆ ಚಿಕಿತ್ಸೆ ಇದೆ, ಮಾತಾಡೋಣವೇ?’

ಪ್ರಶ್ನೆ ಬರೆದ ಮೇಲೆ ಅವು ನನ್ನನ್ನೇ ಹಿಡಿದುಕೊಂಡವು. ನಿನ್ನ ಅಣ್ಣನ ಮದುವೆಯ ಆಲ್ಬಂ ತೆಗೆದೆ. ಒಂದು ಫೋಟೋದಲ್ಲೂ ನೀನಿಲ್ಲ. ನೀರು ತರಲು, ಕುರ್ಚಿ ಹಾಕಿಸಲು ನೀನೇ ಓಡಾಡುತ್ತಿದ್ದೆ, ಪಾಪ, ಎಂದಷ್ಟೇ ನನ್ನ ನೆನಪು. ಕೆಲಸವೇ ಇತ್ತೋ, ಕ್ಯಾಮೆರಾ ಇತ್ತೆಂದು ಕೆಲಸ ಹುಡುಕಿಕೊಂಡೆಯೋ? ನಿನಗೆ ಕಾಯಿಲೆಯ ಹೆಸರಿಡುತ್ತಿಲ್ಲ ಮಗಳೇ, ಅದು ಡಾಕ್ಟರ ಕೆಲಸ. ತಿಳಿದುಕೊಳ್ಳುವ ಆಸೆ, ಅಷ್ಟೆ. ಹೇಳಬೇಕೆನಿಸಿದರೆ ಹೇಳು.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನಗೆ ಸದಾ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಎದುರುಮನೆಯವರು ಇಸ್ತ್ರಿಪೆಟ್ಟಿಗೆ ಹಿಂತಿರುಗಿಸಲು ಬಂದರು. ‘ಮಗಳು ಹೇಗಿದ್ದಾಳೆ? ಹೋದ ವಾರ ಬಂದಿದ್ಲಲ್ಲ’ ಎಂದರು. ಬರಲೇ ಇಲ್ಲವಲ್ಲ ಎಂದೆ. ಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ಹೇಳಿದರು: ‘ಬಂದಿದ್ಲು ಕಣ್ರೀ, ಮೆಟ್ಟಿಲ ಮೇಲೆ ಕೂತಿದ್ಲು. ಒಳಗೆ ಹೋಗಮ್ಮ ಅಂದೆ. ಬಾಗಿಲು ತೆಗೆದ ತಕ್ಷಣ ಅಮ್ಮ ಮುಖ ನೋಡ್ತಾಳೆ ಆಂಟಿ, ಸ್ವಲ್ಪ ಕತ್ತಲಾಗ್ಲಿ ಅಂದ್ಲು. ಕತ್ತಲಾಯ್ತು, ಎದ್ದೂ ನಿಂತ್ಲು. ಅಷ್ಟರಲ್ಲಿ ನೀವು, ಮಗಳು ಬರ್ತಾಳೆ ಅಂತ, ಹೊರಗಿನ ದೀಪ ಹಾಕಿದ್ರಿ. ಹಂಗೇ ಇಳಿದು ಹೋದ್ಲು.’