ಹಸಿರು ದೀಪದ ಮೂವತ್ತು ಸೆಕೆಂಡ್

ಅಕ್ಕನಿಗೆ ನಮಸ್ಕಾರ.

೧. ನನ್ನ ಮನೆಯೆದುರಿನ ರಸ್ತೆಯ ಅಗಲ ಹದಿನಾಲ್ಕು ಮೀಟರ್.
೨. ಪಾದಚಾರಿಗಳಿಗೆ ಹಸಿರು ದೀಪ ಹದಿನೆಂಟು ಸೆಕೆಂಡ್ ಮಾತ್ರ.
೩. ಮಂಡಿಯ ಆಪರೇಷನ್ನಿನ ನಂತರ ಅಷ್ಟು ದೂರಕ್ಕೆ ನಿನಗೆ ಇಪ್ಪತ್ತೇಳು ಸೆಕೆಂಡ್ ಬೇಕು. ಕಳೆದ ಸಲ ಊರಿನಿಂದ ನಾನು ಹೊರಡುವ ಮುನ್ನ ನಡುಮನೆಯಲ್ಲಿ ನಿನ್ನನ್ನು ಅತ್ತಿತ್ತ ನಡೆಸಿದ್ದು ಇದನ್ನು ಅಳೆಯಲೆಂದೇ.

ನನ್ನ ಜೊತೆ ಇರಲು ಬಾ ಎಂದಾಗ "ರಸ್ತೆ ದಾಟೋಕಾಗದ ಊರಿಗೆ ಬಂದು ಕಿಟಕಿ ಕಾಯ್ಲೇನೋ?" ಎಂದಿದ್ದೆಯಲ್ಲ, ಉತ್ತರ ಸಿಕ್ಕಿದೆ! ನಿಧಾನವಾಗಿ ನಡೆಯುವವರಿಗೆ ಇಲ್ಲಿನ ನಗರಸಭೆ ಒಂದು ಕಾರ್ಡ್ ಕೊಡುತ್ತದೆ. ಅದನ್ನು ಸಿಗ್ನಲ್ ಕಂಬಕ್ಕೆ ತಾಗಿಸಿದರೆ ಹಸಿರು ದೀಪ ಮೂವತ್ತು ಸೆಕೆಂಡ್ ನಿಲ್ಲುತ್ತದೆ. ಫೋನಿನಲ್ಲೇ ಅರ್ಜಿ ಹಾಕಿ ನಿನ್ನ ಹೆಸರಿನಲ್ಲಿ ಪಡೆದೆ. ಇಂದು ಬೆಳಿಗ್ಗೆ ವಾಚು ನೋಡುತ್ತಾ, ನಿನ್ನಂತೆಯೇ ಹೆಜ್ಜೆಯಿಟ್ಟು ಒಂಬತ್ತು ಬಾರಿ ದಾಟಿದೆ. ಒಂಬತ್ತು ಬಾರಿಯೂ ಮೂರು ಸೆಕೆಂಡ್ ಉಳಿಯಿತು! ನಡುರಸ್ತೆಯಲ್ಲಿ ಕುಣಿಯುವುದೊಂದು ಬಾಕಿ.

ಹತ್ತನೆಯ ಬಾರಿಗೆ ಕಂಬದ ಸ್ಪೀಕರಿನಿಂದ ಕಂಟ್ರೋಲ್ ರೂಮಿನ ಹೆಂಗಸು, ಕಾರ್ಡಿನ ಹೆಸರು ನೋಡಿ, "ಅಮ್ಮಾ, ದಾರಿ ತಪ್ಪಿದ್ರಾ?" ಎಂದು ಕೇಳಿದರು.

"ಇಲ್ಲ, ನಾನು ಅವರ ತಮ್ಮ."

"ಒಳ್ಳೇ ತಮ್ಮ! ಈಗ ಕ್ಯಾಮೆರಾ ಹಾಕಿ ನೋಡಿದೆ, ಮೂರು ಬಸ್ಸು ನಿಮ್ಮನ್ನೇ ನೋಡ್ತಾ ನಿಂತಿವೆ. ಆಟ ಸಾಕು, ಅಕ್ಕನ್ನೇ ಕರ್ಕೊಂಡ್ಬನ್ನಿ!"

ಮಂಡಿಯ ವ್ಯಾಯಾಮ ತಪ್ಪಿಸಬೇಡ. ಈ ಅಂಚೆ ಕಾರ್ಡಿನಲ್ಲಿ ಬರೆಯಲು ಜಾಗ ಮುಗಿಯಿತು. ಶನಿವಾರ ನಿನ್ನನ್ನು ಕರೆತರಲು ಬರುತ್ತೇನೆ. ವಾಪಸಿಗೆ ಎರಡು ಟಿಕೆಟ್ ತೆಗೆದಿದ್ದೇನೆ.

ತಮ್ಮ