ಜೇಬಿಲ್ಲದ ಪ್ಯಾಂಟು

ಅಪ್ಪಾ,

ನಿಮ್ಮ ಆಫೀಸಿನ ಹೊಸ ಯೂನಿಫಾರ್ಮ್ ಹೊಲಿದು ಅಮ್ಮನ ಕೈಯಲ್ಲಿ ಕಳಿಸಿದ್ದೇನೆ. ಸೊಂಟ ಒಂದಿಂಚು ಸಡಿಲ ಬಿಟ್ಟಿದ್ದೇನೆ, ಊಟವಾದ ಮೇಲೆ ನೀವು ನನ್ನನ್ನು ಬೈಯಬಾರದಲ್ಲ.

ಲಂಚ ನಿಲ್ಲಿಸಲು ಕೌಂಟರಿನವರ ಬಟ್ಟೆಗೆ ಜೇಬೇ ಇರಬಾರದು ಎಂದು ಸರ್ಕಾರ ಹೇಳಿದಾಗ ನಕ್ಕಿದ್ದೆ. ಆಮೇಲೆ ನಿಮ್ಮ ಜೊತೆಯವರು ಒಬ್ಬೊಬ್ಬರಾಗಿ ಅಂಗಡಿಗೆ ಬಂದು, "ಒಳಗಡೆ ಒಂದು ಸಣ್ಣ ಜೇಬು ಇಟ್ಬಿಡಮ್ಮ, ಯಾರಿಗೂ ಕಾಣಬಾರದು" ಅಂದರು. ಕಳ್ಳ ಜೇಬಿಗೆ ಡಬಲ್ ಕೂಲಿ ಕೇಳಿದೆ. ಒಬ್ಬರೂ ಚೌಕಾಸಿ ಮಾಡಲಿಲ್ಲ.

ಯಾಕೆಂದು ಮೊನ್ನೆ ತಿಳಿಯಿತು. ಲೈಸೆನ್ಸಿಗೆಂದು ನಿಮ್ಮ ಆಫೀಸಿಗೆ ಹೋಗಿದ್ದ ನಮ್ಮ ಹಾಲಿನವನು ಬಂದು ಗೊಣಗಿದ: "ಇನ್ನೂರಿದ್ದದ್ದು ಮುನ್ನೂರಾಗಿದೆ ಅಕ್ಕಾ. ಈಗ ರಿಸ್ಕ್ ಜಾಸ್ತಿಯಂತೆ, ಬಟ್ಟೆ ಖರ್ಚು ಬೇರೆಯಂತೆ." ಅಂದರೆ ನನ್ನ ಡಬಲ್ ಕೂಲಿ ಕೊನೆಗೆ ಕೊಟ್ಟವನು ಅವನೇ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಅವತ್ತಿಗೇ ಕಳ್ಳ ಜೇಬು ಹೊಲಿಯುವುದನ್ನು ಬಿಟ್ಟೆ.

ನೀವೂ ಒಳಜೇಬಿಗೆ ಅಮ್ಮನ ಹತ್ತಿರ ಹೇಳಿ ಕಳಿಸಿದ್ದಿರಿ. ಇಟ್ಟಿಲ್ಲ. ಹುಡುಕಬೇಡಿ, ಹೊಲಿಗೆ ಬಿಚ್ಚೀತು. ಕನ್ನಡಕ ಇಡಲು ಜೇಬಿಲ್ಲವಲ್ಲ, ಅದಕ್ಕೆ ಕಟ್ಟಲು ಒಂದು ದಾರ ಕಳಿಸಿದ್ದೇನೆ, ಕೊರಳಿಗೆ ಹಾಕಿಕೊಳ್ಳಿ.

ಪ್ರತಿ ತಿಂಗಳೂ ಆಫೀಸಿನಿಂದ ನೇರ ಇಲ್ಲಿಗೇ ಬಂದು, ಪ್ಯಾಂಟಿನ ಜೇಬಿನಿಂದ ತೆಗೆದು ನನ್ನ ಅಂಗಡಿ ಬಾಡಿಗೆ ಕೊಡುತ್ತಿದ್ದಿರಿ. ಎಲ್ಲಿಂದ ಬಂತೆಂದು ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಈ ತಿಂಗಳಿಂದ ಬಾಡಿಗೆ ನಾನೇ ಕಟ್ಟುತ್ತೇನೆ. ನೀವು ಈ ಪ್ಯಾಂಟು ಹಾಕಿಕೊಂಡೇ ಬನ್ನಿ, ಟೀ ಕುಡಿದು ಹೋಗುವಿರಂತೆ.

ನಿಮ್ಮ ಮಗಳು